ಹನೋಯಿ ನೋಡಲು ಹೊತ್ತಿನ ಸೂತ್ರಗಳು

ಲಿ ಥಾಯ್ ತೊ ಎಂಬ ದೊರೆ 1010ರಲ್ಲಿ ತನ್ನ ರಾಜಧಾನಿಯನ್ನು ಕೆಂಪು ನದಿಯ ದಂಡೆಗೆ ತಂದ. ಅಂದಿನ ಥಾಂಗ್ ಲಾಂಗ್ ಇಂದಿನ ಹನೋಯಿ. ವಿಯೆಟ್ನಾಂನ ಈ ರಾಜಧಾನಿಯಲ್ಲಿ ಈಗ 80 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಲಕ್ಷಗಟ್ಟಲೆ ಮೋಟಾರ್‌ಬೈಕುಗಳಿವೆ, ಗಾಜಿನ ಗೋಪುರಗಳಿವೆ. ಆ ಗೋಪುರಗಳಿಂದ ಕೆಲವೇ ಕಿಲೋಮೀಟರ್ ಆಚೆ ತಗಡು ಬಡಿಯುವ ಬೀದಿಯೂ ಇದೆ. ಹೋಗಿಬಂದವರಲ್ಲಿ ಅನೇಕರು ಹೇಳುವುದು ಒಂದೇ ಮಾತು: ಬಹಳ ಗದ್ದಲ. ಗದ್ದಲವೇನೋ ನಿಜ. ಆದರೆ ಬೆಳಗಿನ ಐದೂವರೆಗೆ ಕಾಣುವ ಹನೋಯಿ ಮಧ್ಯಾಹ್ನ ಕಾಣುವುದಿಲ್ಲ, ಮಂಗಳವಾರ ಕಂಡದ್ದು ಶನಿವಾರ ಇರುವುದಿಲ್ಲ. ಹೊತ್ತರಿತು ಹೋದವರಿಗೆ ಈ ಊರು ಕೈತುಂಬಾ ಕೊಡುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

1. ಜಾಗಗಳ ಪಟ್ಟಿಗೆ ಮೊದಲು ಗಂಟೆಗಳ ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ: ಮುಂಜಾನೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಪ್ರತಿ ಮನೆಗೂ ಒಂದೊಂದೇ ಜಾಗ ಬರೆಯಿರಿ. ಮುಂಜಾನೆಗೆ ಕೆರೆ ಇಲ್ಲವೇ ಸೇತುವೆ, ಬೆಳಿಗ್ಗೆಗೆ ಸ್ಮಾರಕ, ಮಧ್ಯಾಹ್ನಕ್ಕೆ ವಸ್ತುಸಂಗ್ರಹಾಲಯ ಅಥವಾ ವಿಶ್ರಾಂತಿ, ಸಂಜೆಗೆ ಹಳೇ ಪೇಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ ಎಂಬುದನ್ನು ಮರೆಯಬೇಡಿ. ಮೊದಲ ದಿನ ಐದಕ್ಕೆ ಏಳುವುದೆಂದರೆ ನಮ್ಮ ಮೂರೂವರೆಗೆ ಎದ್ದ ಹಾಗೆ. ಹಿಂದಿನ ರಾತ್ರಿ ಬೇಗ ಮಲಗಿ.

2. ತಿಂಗಳನ್ನು ಎಚ್ಚರಿಕೆಯಿಂದ ಆರಿಸಿ

ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಉತ್ತಮ: ಒಣ ಹವೆ, ಹಿತವಾದ ಬಿಸಿಲು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಆಗ್ನೇಯ ಏಷ್ಯಾ ಎಂದರೆ ಸದಾ ಸೆಕೆ ಎಂದುಕೊಂಡು ಹತ್ತಿಯ ಅಂಗಿ ಮಾತ್ರ ಒಯ್ದವರು ನಡುಗುತ್ತಾರೆ. ಫೆಬ್ರುವರಿ, ಮಾರ್ಚಿನಲ್ಲಿ ದಿನಗಟ್ಟಲೆ ತುಂತುರು. ಮೇ ತಿಂಗಳಿಂದ ಸುಡು ಸೆಕೆ, ಮಳೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಚಂಡಮಾರುತಗಳ ಭಯವೂ ಇದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯಾಗಿ ಚಂಡಮಾರುತಕ್ಕೆ ನಗರದ ಸಾವಿರಾರು ಮರಗಳು ಉರುಳಿದವು.

ಚಾಂದ್ರಮಾನ ಹೊಸವರ್ಷ ‘ತೆತ್’ ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುತ್ತದೆ. ಹಬ್ಬಕ್ಕೆ ಮುಂಚಿನ ವಾರ ಊರು ಹೂವಿನಿಂದ ತುಂಬಿರುತ್ತದೆ, ನೋಡಲು ಸೊಗಸು. ಹಬ್ಬದ ದಿನಗಳಲ್ಲಿ ಮಾತ್ರ ಅಂಗಡಿ, ಹೋಟೆಲು ಬಹುಪಾಲು ಮುಚ್ಚಿರುತ್ತವೆ. ಮೊದಲ ಭೇಟಿಗೆ ಅದು ತಕ್ಕ ಸಮಯವಲ್ಲ.

3. ವೀಸಾ ಅರ್ಜಿಯಲ್ಲಿ ಹೆಸರನ್ನು ಎರಡು ಸಲ ಓದಿ

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟಿನಿಂದ ಅದರ ಅವಧಿ 90 ದಿನಗಳವರೆಗೂ ಇರಬಹುದು. ಒಂದು ಪ್ರವೇಶಕ್ಕೆ ಸರ್ಕಾರಿ ಶುಲ್ಕ 25 ಡಾಲರ್. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಬೆರೆತ ಹೆಸರುಗಳು ನಮ್ಮಲ್ಲಿ ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಯಾವ ಕ್ರಮದಲ್ಲಿ, ಯಾವ ಕಾಗುಣಿತದಲ್ಲಿ ಇದೆಯೋ ಅದೇ ಅರ್ಜಿಯಲ್ಲೂ ಇರಲಿ. ಒಂದಕ್ಷರ ತಪ್ಪಿದರೂ ವಿಮಾನ ಹತ್ತುವ ಮೊದಲೇ ತೊಂದರೆ. ಅಲ್ಲಿನ ರಜೆಯ ದಿನಗಳನ್ನು ಲೆಕ್ಕಕ್ಕೆ ಹಿಡಿದು, ಎರಡು ವಾರ ಮುಂಚೆಯೇ ಅರ್ಜಿ ಹಾಕುವುದು ಕ್ಷೇಮ.

4. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ

ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ನಮ್ಮ ಕತ್ತು ಅಭ್ಯಾಸಬಲದಿಂದ ಬಲಕ್ಕೆ ತಿರುಗುತ್ತದೆ, ಬೈಕುಗಳು ಎಡದಿಂದ ಬರುತ್ತಿರುತ್ತವೆ. ಮೊದಲ ದಿನ ಹೆಜ್ಜೆ ಇಡುವ ಮುನ್ನ ‘ಎಡ’ ಎಂದು ಬಾಯಲ್ಲೇ ಹೇಳಿಕೊಳ್ಳಿ.

ದಾಟುವ ಬಗೆ ಹೀಗೆ. ಕಾರು, ಬಸ್ಸು ಬರುತ್ತಿದ್ದರೆ ನಿಲ್ಲಿ, ಅವು ಹೋಗಲಿ. ಬರೀ ಬೈಕುಗಳಿದ್ದರೆ ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯಿರಿ. ಓಡಬೇಡಿ, ನಡುವೆ ನಿಲ್ಲಬೇಡಿ, ಹಿಂದಕ್ಕಂತೂ ಬರಲೇಬೇಡಿ. ಸವಾರರು ನಿಮ್ಮ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ಅಂದಾಜು ಮಾಡಿ ಪಕ್ಕಕ್ಕೆ ಸರಿಯುತ್ತಾರೆ. ನೀವು ತಡವರಿಸಿದರೆ ಅವರ ಅಂದಾಜು ತಪ್ಪುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅಲ್ಲಿನವರು ಯಾರಾದರೂ ದಾಟುವಾಗ ಅವರ ಪಕ್ಕದಲ್ಲೇ ಹೆಜ್ಜೆ ಹಾಕಿ. ಕೇಳಿಕೊಂಡರೆ ಕೈ ಹಿಡಿದು ದಾಟಿಸುವ ಜನ ಅವರು.

ಬಾಡಿಗೆ ಸ್ಕೂಟರಿನ ಆಸೆ ಬಿಟ್ಟುಬಿಡಿ. ಗ್ರಾಬ್ ಆ್ಯಪ್ ಹಾಕಿಕೊಂಡರೆ ಕಾರೂ ಸಿಗುತ್ತದೆ, ಬೈಕೂ ಸಿಗುತ್ತದೆ, ದರ ಮೊದಲೇ ಗೊತ್ತಾಗುತ್ತದೆ. ಶಬ್ದವಿಲ್ಲದ ‘ಸಾನ್ ಎಸ್ಎಂ’ ವಿದ್ಯುತ್ ಟ್ಯಾಕ್ಸಿಗಳೂ ಇವೆ. ನಗರದ ಒಳವರ್ತುಲದಿಂದ ಪೆಟ್ರೋಲ್ ಬೈಕುಗಳನ್ನು ಹೊರಗಿಡುವಂತೆ 2025ರ ಜುಲೈಯಲ್ಲಿ ಪ್ರಧಾನಿಯ ನಿರ್ದೇಶನವೊಂದು ಹೊರಟಿತು. ಈ ಬೀದಿಗಳ ಸದ್ದು, ವಾಸನೆ ಬದಲಾಗುವ ಕಾಲ ಶುರುವಾಗಿದೆ.

5. ಐದೂವರೆಗೆ ಹೊವಾನ್ ಕಿಯೆಮ್ ಕೆರೆಯ ದಂಡೆಯಲ್ಲಿರಿ

ಈ ಒಂದು ಸೂತ್ರ ಪಾಲಿಸಿದರೂ ಪ್ರಯಾಣ ಸಾರ್ಥಕ. ಅಜ್ಜಂದಿರು ನಿಧಾನವಾಗಿ ತೋಳು ತಿರುವುತ್ತಾ ತಾಯ್ ಚಿ ಮಾಡುತ್ತಿರುತ್ತಾರೆ. ಹೆಂಗಸರು ಸ್ಪೀಕರಿನ ಹಾಡಿಗೆ ಸಾಲಾಗಿ ಕುಣಿಯುತ್ತಾರೆ. ಬ್ಯಾಡ್ಮಿಂಟನ್ ಆಡುವವರು, ಓಡುವವರು, ಸುಮ್ಮನೆ ಕೂತು ನೀರು ನೋಡುವವರು. ಬಿಸಿಲೇರುವಷ್ಟರಲ್ಲಿ ಅವರೆಲ್ಲ ಮನೆಗೆ ಹೋಗಿರುತ್ತಾರೆ, ದಂಡೆ ಪ್ರವಾಸಿಗರದಾಗಿರುತ್ತದೆ.

ಕೆಂಪು ಮರದ ಸೇತುವೆ ದಾಟಿದರೆ ನ್ಗೊಕ್ ಸೋನ್ ಗುಡಿ. ಹದಿನೈದನೆಯ ಶತಮಾನದಲ್ಲಿ ಚೀನೀ ಸೈನ್ಯವನ್ನು ಓಡಿಸಿದ ಲೆ ಲೊಯ್ ದೊರೆ ತನ್ನ ದೈವದತ್ತ ಖಡ್ಗವನ್ನು ಈ ಕೆರೆಯ ಆಮೆಗೆ ಮರಳಿಸಿದನೆಂಬುದು ಐತಿಹ್ಯ. ಕೆರೆಯಲ್ಲಿ ನಿಜವಾಗಿಯೂ ದೈತ್ಯ ಆಮೆಯಿತ್ತು. ಕೊನೆಯದು 2016ರ ಜನವರಿಯಲ್ಲಿ ಸತ್ತಾಗ ಊರಿಗೇ ದುಃಖವಾಯಿತು. ಅದರ ದೇಹವನ್ನು ಗುಡಿಯಲ್ಲೇ ಸಂರಕ್ಷಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಪ್ಪದೇ ನೋಡಿ.

ವಾರಾಂತ್ಯ ಸಿಕ್ಕರೆ ಇನ್ನೂ ಒಳ್ಳೆಯದು. 2016ರಿಂದ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಕೆರೆಯ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಮಕ್ಕಳಿರುವ ಕುಟುಂಬಗಳು ಶನಿವಾರ ಸಂಜೆಯನ್ನು ಇದಕ್ಕೇ ಮೀಸಲಿಡಲಿ. ಕೆರೆಯ ಮೂಲೆಯಲ್ಲಿರುವ ಥಾಂಗ್ ಲಾಂಗ್ ರಂಗಮಂದಿರದ ನೀರುಬೊಂಬೆಯಾಟಕ್ಕೂ ಅವತ್ತೇ ಟಿಕೆಟ್ ತೆಗೆದುಕೊಳ್ಳಿ. ಬಿದಿರಿನ ತಟ್ಟಿಯ ಹಿಂದೆ ಸೊಂಟದವರೆಗೆ ನೀರಿನಲ್ಲಿ ನಿಂತು ಉದ್ದನೆಯ ಕೋಲುಗಳಿಂದ ಬೊಂಬೆ ಆಡಿಸುವ ಈ ಕಲೆ ಕೆಂಪು ನದಿಯ ಭತ್ತದ ಗದ್ದೆಗಳಲ್ಲಿ ಹುಟ್ಟಿದ್ದು. ಭಾಷೆ ಬಾರದಿದ್ದರೂ ಮಕ್ಕಳು ಕಣ್ಣು ಕೀಳುವುದಿಲ್ಲ.

6. ಹಳೇ ಪೇಟೆಯಲ್ಲಿ ಒಂದೊಂದು ಬೀದಿಗೂ ಒಂದು ಕಸುಬು ಹುಡುಕಿ

ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆಗಳನ್ನು ತಿಳಿದವರಿಗೆ ಹನೋಯಿಯ ‘36 ಬೀದಿ’ಗಳು ಪರಕೀಯವಾಗುವುದಿಲ್ಲ. ಒಂದೊಂದು ಕಸುಬಿನ ಸಂಘಕ್ಕೆ ಒಂದೊಂದು ಬೀದಿ. ಹಳ್ಳಿಯಿಂದ ಬಂದವರು ತಮ್ಮೂರಿನ ದೇವರನ್ನೂ ಜೊತೆಗೆ ತಂದು ಬೀದಿಯಲ್ಲೇ ಗುಡಿ ಕಟ್ಟಿಕೊಂಡರು. ಹಾಂಗ್ ಬಾಕ್‌ನಲ್ಲಿ ಇಂದಿಗೂ ಬೆಳ್ಳಿ, ಬಂಗಾರದ ಅಂಗಡಿಗಳು. ಹಾಂಗ್ ಥಿಯೆಕ್‌ನಲ್ಲಿ ತಗಡಿನ ಕೆಲಸ; ಪಾದಚಾರಿ ದಾರಿಯೇ ಕಾರ್ಖಾನೆ. ಹಾಂಗ್ ಮಾದಲ್ಲಿ ಪಿತೃಗಳಿಗೆಂದು ಸುಡುವ ಕಾಗದದ ಸಾಮಾನು: ಕಾಗದದ ನೋಟು, ಕಾಗದದ ಅಂಗಿ, ಈಚೆಗೆ ಕಾಗದದ ಮೊಬೈಲು ಕೂಡ. ಲಾನ್ ಓಂಗ್ ಬೀದಿಗೆ ಕಾಲಿಟ್ಟರೆ ಒಣಗಿದ ಬೇರು, ತೊಗಟೆ, ಗಿಡಮೂಲಿಕೆಗಳ ಘಮ.

ಕೆಲವು ಬೀದಿಗಳ ಕಸುಬು ಬದಲಾಗಿದೆ. ಹಾಂಗ್ ಕ್ವಾತ್‌ನಲ್ಲಿ ಹಿಂದೆ ಬೀಸಣಿಗೆ ಮಾರುತ್ತಿದ್ದರು, ಈಗ ಪೂಜಾ ಸಾಮಗ್ರಿ ಮಾರುತ್ತಾರೆ. ಅದನ್ನೂ ಗಮನಿಸಿ. ಯಾವ ಕಸುಬು ಉಳಿಯಿತು, ಯಾವುದು ಹೋಯಿತು ಎಂದು ನೋಡುತ್ತಾ ನಡೆದರೆ ಊರಿನ ಆರ್ಥಿಕ ಚರಿತ್ರೆಯೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ.

ಬರೀ ಮುಂಬಾಗಿಲು ನೋಡಿ ಬರಬೇಡಿ, ಮನೆಯ ಒಳಗೂ ಹೋಗಿ. ಇಲ್ಲಿನ ಕೊಳವೆ ಮನೆಗಳ ಅಗಲ ಎರಡು ಮೂರು ಮೀಟರ್, ಆಳ ಹತ್ತಾರು ಮೀಟರ್. ಪ್ರತಿ ವ್ಯಾಪಾರಿಗೂ ಬೀದಿಗೆ ಮುಖ ಬೇಕು. ಎಲ್ಲರಿಗೂ ಮುಖ ಸಿಗಬೇಕೆಂದರೆ ಮನೆ ಸಪೂರವಾಗಲೇಬೇಕು. ಮಾ ಮೇ ಬೀದಿಯ 87ನೇ ನಂಬರಿನ ಮನೆಯನ್ನು ದುರಸ್ತಿ ಮಾಡಿ ಸಾರ್ವಜನಿಕರಿಗೆ ತೆರೆದಿದ್ದಾರೆ. ಮುಂದೆ ಅಂಗಡಿ, ನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ, ಹಿಂದೆ ಅಡುಗೆಮನೆ, ಮೇಲೆ ಪೂಜೆಯ ಕೋಣೆ. ನನ್ನ ಮಟ್ಟಿಗೆ ಹನೋಯಿಯನ್ನು ಅರ್ಥಮಾಡಿಸುವ ಶಕ್ತಿ ಯಾವ ದೊಡ್ಡ ಸ್ಮಾರಕಕ್ಕಿಂತಲೂ ಈ ಮನೆಗೆ ಹೆಚ್ಚು.

7. ಸೊನ್ನೆಗಳನ್ನು ಪಳಗಿಸಿಕೊಳ್ಳಿ

ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದಿಟ್ಟುಕೊಂಡರೆ ಲೆಕ್ಕ ಸುಲಭ: 30,000 ಡಾಂಗಿನ ಕಾಫಿ ಎಂದರೆ ನೂರು ರೂಪಾಯಿ. 20,000 ಮತ್ತು 5,00,000ದ ನೋಟುಗಳೆರಡಕ್ಕೂ ನೀಲಿ ಛಾಯೆಯಿದೆ, ಮಬ್ಬು ಬೆಳಕಿನಲ್ಲಿ ಒಂದರಂತೆಯೇ ಇನ್ನೊಂದು ಕಾಣುತ್ತದೆ. ದೊಡ್ಡ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ. ಬೀದಿ ಅಂಗಡಿಗಳಿಗೆ ನಗದು ಬೇಕು. ಅಲ್ಲಿನವರು ಸ್ಕ್ಯಾನ್ ಮಾಡುವ ಕ್ಯುಆರ್ ಸಂಕೇತಗಳು ಅಲ್ಲಿನ ಬ್ಯಾಂಕ್ ಖಾತೆಗಳಿಗೆ ಹೊಂದಿಕೊಂಡವು.

8. ಸಸ್ಯಾಹಾರಿಗಳು ‘ಚಾಯ್’ ಎನ್ನುವುದನ್ನು ಕಲಿತು ಹೋಗಿ

‘ತೊಯ್ ಆನ್ ಚಾಯ್’ ಎಂದರೆ ನಾನು ಸಸ್ಯಾಹಾರಿ. ಇದನ್ನು ವಿಯೆಟ್ನಾಮಿ ಲಿಪಿಯಲ್ಲಿ ಬರೆಸಿಕೊಂಡು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಫೋ ಎಂಬ ಪ್ರಸಿದ್ಧ ಶಾವಿಗೆ ಸಾರಿನಿಂದ ಮಾಂಸದ ತುಂಡು ತೆಗೆದರೂ ಸಾರು ಗಂಟೆಗಟ್ಟಲೆ ಎಲುಬು ಕುದಿಸಿದ್ದೇ. ಹುರಿದ ಸೊಪ್ಪಿಗೂ ಮೀನಿನ ರಸ ಹಾಕುವುದು ಅಲ್ಲಿನ ರೂಢಿ. ‘ಚಾಯ್’ ಎಂಬ ಫಲಕವಿರುವ ಹೋಟೆಲು ಹುಡುಕುವುದೇ ದಾರಿ. ಅವು ಬೌದ್ಧ ಸಂಪ್ರದಾಯದಿಂದ ಬಂದವು, ಕೆಲವೆಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅಣಬೆ, ಸೋಯಾ ಪನೀರು, ಕಮಲದ ಬೇರು, ಬಾಳೆಹೂವುಗಳಲ್ಲಿ ಅವರು ತೋರುವ ಕೈಚಳಕ ದೊಡ್ಡದು.

ಹೊರಡುವ ಮುನ್ನ ಪಂಚಾಂಗ ನೋಡಿ. ಅಲ್ಲಿನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು, ಅನೇಕ ಬೌದ್ಧರು ಮಾಂಸ ಬಿಡುತ್ತಾರೆ. ಆ ದಿನ ಗುಡಿಗಳಲ್ಲಿ ಜನಜಾತ್ರೆ, ಚಾಯ್ ಹೋಟೆಲುಗಳಲ್ಲಿ ಭರ್ತಿ ಅಡುಗೆ. ಶರತ್ಕಾಲದಲ್ಲಿ ಹೋದರೆ ಎಳೆ ಭತ್ತದಿಂದ ಮಾಡಿದ ಹಸಿರು ಅವಲಕ್ಕಿ ‘ಕೋಮ್’ ಅನ್ನು ಕಮಲದ ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಬಿಡಬೇಡಿ.

ಮಾಂಸಾಹಾರಿಗಳಿಗೆ ಒಂದೇ ಮಾತು: ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿನ ನೌಕರರು ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಗುಂಪಾಗಿ ಕೂತಿರುವ ಅಂಗಡಿಯಲ್ಲಿ ತಿನ್ನಿ. ಒಂದೇ ತಿನಿಸು ಮಾಡುವ ಅಂಗಡಿಯಾದರೆ ಮತ್ತೂ ಒಳ್ಳೆಯದು. ಗೋಮಾಂಸ, ಹಂದಿಮಾಂಸ ಬೇಡವಾದವರು ಮೊದಲೇ ಕೇಳಿಕೊಳ್ಳಿ.

9. ಮಧ್ಯಾಹ್ನವನ್ನು ಕಾಫಿಗೆ ಕೊಡಿ

ಕಾಫಿ ಉತ್ಪಾದನೆಯಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ ದೊಡ್ಡದು, ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ಕರ್ನಾಟಕದವರು, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು, ಆ ರೊಬಸ್ಟಾವನ್ನು ಅಲ್ಲಿನವರು ಹುರಿಯುವ ಬಗೆ, ಇಳಿಸುವ ಬಗೆ ನೋಡಿ ಬರಲೇಬೇಕು. ‘ಫಿನ್’ ಎಂಬ ಪುಟ್ಟ ಸೋಸುಬಟ್ಟಲನ್ನು ಲೋಟದ ಮೇಲಿಟ್ಟರೆ ಹನಿಹನಿಯಾಗಿ ಗಟ್ಟಿ ಕಾಫಿ ಇಳಿಯುತ್ತದೆ. ತಳದಲ್ಲಿ ಮಂದಗೊಳಿಸಿದ ಸಿಹಿ ಹಾಲು. ಗಡಿಬಿಡಿ ಮಾಡುವಂತಿಲ್ಲ, ಇಳಿಯುವವರೆಗೆ ಕೂರಬೇಕು.

ಮೊಟ್ಟೆ ಕಾಫಿ ಹನೋಯಿಯದೇ. ಹಾಲಿಗೆ ಬರವಿದ್ದ 1946ರಲ್ಲಿ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಹಳದಿ ಲೋಳೆ ಕಡೆದು ನೊರೆಯೆಬ್ಬಿಸಿ ಕಾಫಿಯ ಮೇಲೆ ಹಾಕಿದರು. ಅವರು ಆರಂಭಿಸಿದ ‘ಜಾಂಗ್’ ಕಾಫಿ ಅಂಗಡಿಯನ್ನು ಅವರ ಮನೆಯವರೇ ನಡೆಸುತ್ತಿದ್ದಾರೆ.

10. ಒಂದು ಬೆಳಿಗ್ಗೆ ನೆಲದಡಿಯ ಹನೋಯಿಗೆ ಹೋಗಿ

ಹಳತು ಹೊಸತು ಎದುರಾದಾಗ ಒಂದು ನಗರ ಏನು ಮಾಡಬೇಕೆಂಬುದಕ್ಕೆ ಥಾಂಗ್ ಲಾಂಗ್ ಕೋಟೆ ದೊಡ್ಡ ಉದಾಹರಣೆ. 2002ರ ಕೊನೆಯಲ್ಲಿ ಹೊಸ ಸಂಸತ್ ಭವನಕ್ಕೆಂದು ಗುರುತಿಸಿದ್ದ ಜಾಗದಲ್ಲಿ ಪುರಾತತ್ವಜ್ಞರು ಅಗೆದರು. ಒಂದರ ಮೇಲೊಂದು ಅರಮನೆಗಳ ಅಡಿಪಾಯ, ಬಾವಿ, ಚರಂಡಿ, ಹೆಂಚು, ಪಿಂಗಾಣಿ ಸಿಕ್ಕವು. ಹದಿಮೂರು ಶತಮಾನಗಳ ಪದರಗಳು. ಆ ಜಾಗವನ್ನು ಉಳಿಸಿಕೊಂಡರು. 2010ರಲ್ಲಿ, ರಾಜಧಾನಿಗೆ ಸಾವಿರ ತುಂಬಿದ ವರ್ಷವೇ, ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಕೋಟೆ ಸೇರಿತು. ಸಂಸತ್ ಭವನವೂ ಪಕ್ಕದಲ್ಲೇ ಎದ್ದು 2014ರಲ್ಲಿ ಮುಗಿಯಿತು, ಅಗೆತದಲ್ಲಿ ಸಿಕ್ಕಿದ್ದಕ್ಕೆ ಅದರ ನೆಲಮಾಳಿಗೆಯಲ್ಲಿ ಪ್ರದರ್ಶನವಿದೆ.

ಕೋಟೆಯ ಒಳಗೆ ಹದಿನೈದನೆಯ ಶತಮಾನದ ಕಲ್ಲಿನ ಡ್ರ್ಯಾಗನ್ ಮೆಟ್ಟಿಲು ನೋಡಿ, ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಡಿ67 ಕಟ್ಟಡಕ್ಕೆ ಹೋಗಿ. ಅಮೆರಿಕದೊಡನೆ ಯುದ್ಧ ನಡೆಯುತ್ತಿದ್ದಾಗ ಸೇನಾ ಮುಖ್ಯಸ್ಥರು ಸಭೆ ಸೇರುತ್ತಿದ್ದುದು ಇಲ್ಲಿ. ಕೆಳಗೆ ಬಾಂಬಿಗೆ ಜಗ್ಗದ ನೆಲಮಾಳಿಗೆ. ಅರಮನೆಯ ಅಂಗಳದಲ್ಲೇ ಯುದ್ಧದ ಕೋಣೆ. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ.

11. ವಾನ್ ಮಿಯೇವ್‌ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ

1070ರಲ್ಲಿ ಕನ್ಫ್ಯೂಷಿಯಸ್‌ಗೆಂದು ಕಟ್ಟಿದ ಗುಡಿ. 1076ರಲ್ಲಿ ಅದರ ಬಳಿ ರಾಜಮನೆತನದ ವಿದ್ಯಾಪೀಠ. 1442ರಿಂದ 1779ರವರೆಗಿನ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಪಂಡಿತರ ಹೆಸರು ಕೊರೆದ 82 ಕಲ್ಲುಗಳು ಕಲ್ಲಾಮೆಗಳ ಬೆನ್ನ ಮೇಲೆ ನಿಂತಿವೆ. ಪರೀಕ್ಷೆಗೆ ಮುನ್ನ ಮಕ್ಕಳು ಇಂದಿಗೂ ಇಲ್ಲಿ ಕೈಮುಗಿಯುತ್ತಾರೆ, ಪದವೀಧರರು ‘ಆವೊ ಝಾಯ್’ ಉಡುಪಿನಲ್ಲಿ ಬಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಜೇಬಿನಲ್ಲಿರುವ ಒಂದು ಲಕ್ಷ ಡಾಂಗಿನ ನೋಟನ್ನು ತಿರುಗಿಸಿ ನೋಡಿ, ಈ ಜಾಗದ ಚಿತ್ರವೇ ಇದೆ.

12. ಹೋ ಚಿ ಮಿನ್ ಸಮಾಧಿಗೆ ಮೈತುಂಬ ಬಟ್ಟೆ ತೊಟ್ಟು ಹೋಗಿ

1975ರಲ್ಲಿ ತೆರೆದ ಈ ಸಮಾಧಿಗೆ ಬೆಳಗಿನ ಹೊತ್ತು ಮಾತ್ರ ಪ್ರವೇಶ. ಸೋಮವಾರ, ಶುಕ್ರವಾರ ಇಲ್ಲ. ದುರಸ್ತಿಗಾಗಿ ವರ್ಷಕ್ಕೊಮ್ಮೆ ವಾರಗಟ್ಟಲೆ ಮುಚ್ಚುತ್ತಾರೆ, ಮೊದಲೇ ವಿಚಾರಿಸಿ. ಮೊಣಕಾಲು, ಭುಜ ಮುಚ್ಚಿರಲಿ. ಒಳಗೆ ಮಾತಿಲ್ಲ, ಚಿತ್ರವಿಲ್ಲ. ಎದುರಿನ ಬಾ ದಿನ್ ಚೌಕದಲ್ಲೇ 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಅವರು ವಿಯೆಟ್ನಾಂನ ಸ್ವಾತಂತ್ರ್ಯ ಘೋಷಿಸಿದ್ದು. ಹಿಂಭಾಗದಲ್ಲಿ ಅವರು ವಾಸವಿದ್ದ ಕಂಬಗಳ ಮೇಲಿನ ಸರಳ ಮರದ ಮನೆಯನ್ನೂ ನೋಡಿ.

13. ಮೆಟ್ರೊ ಹತ್ತಿ ರೇಷ್ಮೆಯ ಊರಿಗೆ ಹೋಗಿ

ಹನೋಯಿಯ ಮೊದಲ ಮೆಟ್ರೊ 2021ರ ನವೆಂಬರಿನಲ್ಲಿ ಓಡಿತು: ಕಾತ್ ಲಿನ್‌ನಿಂದ ಹಾ ಡೋಂಗ್ ಕಡೆಗೆ 13 ಕಿ.ಮೀ., 12 ನಿಲ್ದಾಣ. ಎರಡನೆಯದು 2024ರ ಆಗಸ್ಟಿನಲ್ಲಿ ಶುರುವಾಯಿತು. ಮೊದಲ ಮಾರ್ಗದಲ್ಲಿ ಕೂತರೆ ಕಿಟಕಿಯಿಂದ ಕಾಣುವುದು ಪ್ರವಾಸಿಗರಿಗೆ ಸಿಗದ ಹನೋಯಿ: ಮನೆಯ ಮಾಳಿಗೆಯ ಮೇಲಿನ ಗಿಡ, ಕಾಲೇಜು, ಹೊಸ ವಸತಿ ಗೋಪುರಗಳ ಸಾಲು. ಹಾ ಡೋಂಗ್‌ನಲ್ಲಿ ಇಳಿದು ಸ್ವಲ್ಪ ದೂರ ಟ್ಯಾಕ್ಸಿಯಲ್ಲಿ ಹೋದರೆ ವಾನ್ ಫುಕ್, ಶತಮಾನಗಳಿಂದ ರೇಷ್ಮೆ ನೇಯುವ ಊರು. ರಾಮನಗರ, ಶಿಡ್ಲಘಟ್ಟ, ಮೈಸೂರಿನ ಕಡೆಯವರು ಅರ್ಧ ದಿನ ಇಲ್ಲಿಗೆ ಕೊಡಲಿ. ಬರೀ ಮಾರುವ ಅಂಗಡಿಗಳೂ ಬಹಳ. ಮಗ್ಗದ ಸದ್ದು ಕೇಳುವ ಮನೆಯಲ್ಲಿ ಕೊಳ್ಳಿ.

14. ಲಾಂಗ್ ಬಿಯೆನ್ ಸೇತುವೆಯ ಮೇಲೆ ನಡೆಯಿರಿ, ಹಳಿಯ ಮೇಲೆ ನಿಲ್ಲಬೇಡಿ

ಫ್ರೆಂಚರು 1899ರಿಂದ 1902ರ ನಡುವೆ ಕಟ್ಟಿದ ಕಬ್ಬಿಣದ ಸೇತುವೆ ಇದು. ಅಮೆರಿಕದ ಬಾಂಬುಗಳು ಮತ್ತೆಮತ್ತೆ ಮುರಿದವು, ಊರಿನವರು ಮತ್ತೆಮತ್ತೆ ಜೋಡಿಸಿದರು. ಕಮಾನುಗಳು ಅಲ್ಲಲ್ಲಿ ಇಲ್ಲವಾಗಿರುವುದು ಅದಕ್ಕೇ. ನಡುವೆ ರೈಲು, ಎರಡು ಪಕ್ಕ ಬೈಕು, ಸೈಕಲ್ಲು, ನಡೆಯುವವರು. ಬೆಳಿಗ್ಗೆ ಆರಕ್ಕೆ ಹೋದರೆ ಕೆಳಗಿನ ನದಿದ್ವೀಪದ ಬಾಳೆತೋಟ, ತರಕಾರಿ ಮಡಿ ಕಾಣುತ್ತವೆ.

ಮನೆಗಳ ನಡುವೆ ರೈಲು ನುಗ್ಗುವ ‘ರೈಲು ಬೀದಿ’ಯ ವಿಡಿಯೊ ನೀವೂ ನೋಡಿರುತ್ತೀರಿ. ಅಪಾಯವೆಂದು ಅಧಿಕಾರಿಗಳು 2019ರಿಂದ ಹಲವು ಸಲ ಅದನ್ನು ಮುಚ್ಚಿದ್ದಾರೆ. ಕಾವಲಿನವರು ತಡೆದರೆ ವಾದ ಬೇಡ, ಹಿಂತಿರುಗಿ. ಒಂದು ಚಿತ್ರಕ್ಕಾಗಿ ಮಕ್ಕಳನ್ನು ಹಳಿಯ ಮೇಲೆ ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

15. ಭಾರತದ ಎರಡು ಗುರುತುಗಳನ್ನು ಹುಡುಕಿ

ಪಶ್ಚಿಮ ಕೆರೆಯ ದಂಡೆಯ ಟ್ರಾನ್ ಕ್ವೋಕ್ ಊರಿನ ಅತಿ ಹಳೆಯ ಬೌದ್ಧ ಗುಡಿ. ಅದರ ಅಂಗಳದ ಬೋಧಿವೃಕ್ಷ 1959ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಭಾರತದ ಪರವಾಗಿ ಕೊಟ್ಟದ್ದು. ಹಳೇ ಪೇಟೆಯ ಹಾಂಗ್ ಲುವೊಕ್ ಬೀದಿಯ ಅಲ್ ನೂರ್ ಮಸೀದಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದವರು ಭಾರತದ ವ್ಯಾಪಾರಿಗಳು. ಎರಡಕ್ಕೂ ಸೇರಿ ಅರ್ಧ ದಿನ ಸಾಕು.

16. ಮಾಡುವವರ ಕೈಯಿಂದಲೇ ಕೊಳ್ಳಿ

ಹಳೇ ಪೇಟೆಯ ಬಾಡಿಗೆ ಏರುತ್ತಿದೆ. ತಗಡು ಬಡಿಯುವವರ ಮಕ್ಕಳಿಗೆ ಪ್ರವಾಸಿ ಟೀ ಶರ್ಟ್ ಮಾರುವುದೇ ಲಾಭದ ದಾರಿ. ಯಂತ್ರದಲ್ಲಿ ತಯಾರಾಗಿ ಎಲ್ಲೆಡೆ ಒಂದೇ ತರಹ ಸಿಗುವ ನೆನಪಿನ ಕಾಣಿಕೆಗಳನ್ನು ಬಿಟ್ಟು, ಹಾಂಗ್ ಥಿಯೆಕ್‌ನಲ್ಲಿ ಒಂದು ಲಾಟೀನು, ವಾನ್ ಫುಕ್‌ನಲ್ಲಿ ಒಂದು ಶಾಲು, ಬಾತ್ ಚಾಂಗ್ ಕುಂಬಾರರ ಊರಿನಲ್ಲಿ ಒಂದು ಬಟ್ಟಲು ಕೊಳ್ಳಿ. ಚೌಕಾಸಿ ಮಾಡಿ, ಆದರೆ ನಗುನಗುತ್ತಾ, ಮಿತಿಯರಿತು. ಕೈಕೆಲಸಕ್ಕೆ ಕೊನೆಯ ಹತ್ತು ಸಾವಿರ ಡಾಂಗಿಗೆ ಹಟ ಹಿಡಿಯಬೇಡಿ, ಅದು ನಮ್ಮ ಮೂವತ್ತು ಮೂವತ್ತೈದು ರೂಪಾಯಿ. ಕೆಲಸಗಾರರ ಚಿತ್ರ ತೆಗೆಯುವ ಮುನ್ನ ಕಣ್ಣಿನಲ್ಲೇ ಆದರೂ ಒಪ್ಪಿಗೆ ಕೇಳಿ. ಆ ಅಂಗಡಿಗಳೆಲ್ಲ ಅವರ ಮನೆಗಳೂ ಹೌದು.